ಪಕ್ಕದ ಹೊಲಿಗೆ ಇಲ್ಲದ ಮೂರು ಅಂಗಿ

ದರ್ಜಿಯ ಶ್ವಾಸಕೋಶದ ಗಂಟು ತೆಗೆಯುವ ಆಪರೇಷನ್‌ಗೆ ಇನ್ನು ನಾಲ್ಕೇ ದಿನ. ಅವನು ಮಾತ್ರ ತಲೆ ಬಗ್ಗಿಸಿ ತನಗಾಗಿ ಮೂರು ಅಂಗಿ ಹೊಲಿಯುತ್ತಿದ್ದ. ಮೂರಕ್ಕೂ ಬಲಪಕ್ಕದಲ್ಲಿ ಹೊಲಿಗೆಯೇ ಇಲ್ಲ.

"ಇದೇನ್ರೀ ಅವತಾರ?" ಹೆಂಡತಿ ಕೇಳಿದಳು.

"ಬಣ್ಣದಣ್ಣನಿಗೆ ಎದೆ ಆಪರೇಷನ್ ಆಗಿ ಆರು ವರ್ಷ. ಇವತ್ತಿಗೂ ಪಕ್ಕದ ಹೊಲಿಗೆ ತಾಗಿದ್ರೆ ಉರಿಯುತ್ತೆ ಅಂತಾನೆ. ನನ್ನ ಹಣೇಲೂ ಅದೇ ಬರ್ದಿರೋದು."

ಗೋಡೆಗೆ ಬಣ್ಣ ಬಳಿಯುವ ಎದುರುಮನೆಯವನು ಬೀದಿಗೆಲ್ಲ ಬಣ್ಣದಣ್ಣ, ದರ್ಜಿಗೆ ಗೆಳೆಯ. ಗಾಯ ಮಾಯ್ದರೂ ನೋವು ಬಿಡದೆ, ಏಣಿ ಹತ್ತುವ ಕೆಲಸ ಬಿಟ್ಟಿದ್ದ. ಅವನಿಗೆ ಇಂಥ ಅಂಗಿ ಹೊಲಿದುಕೊಡುತ್ತಿದ್ದವನು ಈ ದರ್ಜಿಯೇ. ಹಾಗೇ ನೋವು ಉಳಿದು ತನ್ನ ಕತ್ತರಿ ಹಿಡಿಯುವ ಕೈ ಏಳದಿದ್ದರೆ ಅಂಗಡಿಗೆ ಬೀಗವೇ ಗತಿ ಎಂಬುದೇ ದರ್ಜಿಯ ಚಿಂತೆ.

ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಹೋದಾಗ, ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಮ್ಮನ ಮುಂದೆ ಹೆಂಡತಿ ಅಂಗಿಯ ಕಥೆ ಹೇಳಿಯೇಬಿಟ್ಟಳು.

"ನೋವು ಉಳಿಯೋದು ಹಣೆಬರಹ ಅಲ್ಲ ಯಜಮಾನ್ರೇ," ಎಂದರು ಡಾಕ್ಟರಮ್ಮ. "ಎದೆ ಆಪರೇಷನ್‌ನಲ್ಲಿ ಪಕ್ಕೆಲುಬಿನ ನರಗಳಿಗೆ ಪೆಟ್ಟಾಗುತ್ತೆ. ಕೆಲವರಿಗೆ ಆ ನೋವು ವರ್ಷಗಟ್ಟಲೆ ಉಳಿದುಬಿಡುತ್ತೆ. ಅದಕ್ಕೇ ನಿದ್ದೆ ಬರಿಸೋದರ ಜೊತೆಗೆ, ಬೆನ್ನಿನ ಹತ್ತಿರ ಒಂದು ಸೂಜಿ ಹಾಕಿ ಆ ನರಗಳನ್ನ ಮರಗಟ್ಟಿಸ್ತೀವಿ. ಸಣ್ಣ ಟ್ಯೂಬ್ ಬಿಟ್ಟು ಮೂರ್ನಾಲ್ಕು ದಿನ ಔಷಧಿ ಕೊಡ್ತೀವಿ."

"ಬೆನ್ನಿಗೆ ಸೂಜಿನಾ! ಕಾಲು ಸ್ವಾಧೀನ ತಪ್ಪಿದ್ರೆ?"

"ದಿನಾ ಸಾವಿರ ಸಲ ಸೂಜಿ ಚುಚ್ಚೋರು ಒಂದು ಸೂಜಿಗೆ ಹೆದರ್ತಾರೆ ನೋಡಿ!" ಹೆಂಡತಿ ಕಿಚಾಯಿಸಿದಳು.

ಡಾಕ್ಟರಮ್ಮ ನಕ್ಕರು. "ಅಂಥ ತೊಂದರೆ ತೀರಾ ಅಪರೂಪ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಈಗಲೇ ಹೇಳಿ, ಸೂಜಿ ಹಾಕಿದ ಕಡೆ ರಕ್ತ ಸೋರಬಾರದಲ್ಲ. ನೋವು ಉಳಿಯೋದೇ ಇಲ್ಲ ಅಂತ ಮಾತು ಕೊಡಲಾರೆ. ಆದ್ರೆ ಉಳಿಯೋ ಸಾಧ್ಯತೆ ಕಮ್ಮಿಯಾಗುತ್ತೆ. ಆಪರೇಷನ್ ಆದ್ಮೇಲೆ ಚೆನ್ನಾಗಿ ಕೆಮ್ಮಿ ಕಫ ತೆಗೆದು, ಉಸಿರಾಡೋಕೂ ಆಗುತ್ತೆ."

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. "ಆಯ್ತು, ಹಾಕಿ ತಾಯಿ," ಎಂದ.

ನಾಲ್ಕು ತಿಂಗಳ ಮೇಲೆ, ಎರಡೂ ಪಕ್ಕ ಹೊಲಿದ ಅಂಗಿ ತೊಟ್ಟು, ಆ ಮೂರು ಅಂಗಿ ಹಿಡಿದು ದರ್ಜಿ ಎದುರುಮನೆಗೆ ಹೋದ.

"ನಿನಗೆ ಬೇಡ್ವೇನೋ?" ಬಣ್ಣದಣ್ಣ ಕೇಳಿದ.

"ಬೇಡ ಕಣೋ, ನನಗೆ ಹೊಲಿಗೆ ತಾಗಿದ್ರೂ ಉರಿಯಲ್ಲ. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ." ದರ್ಜಿಯ ಕಣ್ಣು ತುಂಬಿ ಬಂತು. "ಹಳೇ ನೋವಿಗೂ ಅವರ ಹತ್ರ ಚಿಕಿತ್ಸೆ ಇದೆಯಂತೆ. ನಾಳೆ ಹೋಗೋಣ ಬಾ. ನಿನಗೂ ಎಲ್ಲರ ಥರದ ಅಂಗಿ ಹೊಲಿಯೋ ಆಸೆ ನನಗೆ."

ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆಯ ಆಪರೇಷನ್ ಆಗಬೇಕಿದೆಯೇ? ಮೊದಲೇ ಅರಿವಳಿಕೆ ವೈದ್ಯರನ್ನು ಕೇಳಿ: "ನರ ಮರಗಟ್ಟಿಸುವ ಸೂಜಿ ನಮ್ಮವರಿಗೆ ಹೊಂದುತ್ತದೆಯೇ?" ಕೇಳಲು ಸಂಕೋಚ ಬೇಡ. ನೋವಿಗೆ ತಕ್ಕಂತೆ ಅಂಗಿ ಹೊಲಿಸುವ ಮೊದಲು ಈ ಒಂದು ಮಾತು ಕೇಳಿಬಿಡಿ.