ಖಾಲಿ ಕರಡಿಗೆ

ಮಹದೇವಪ್ರಸಾದನ ಶಿವಪೂಜೆ ಒಂದು ಬೀಡಿ ಸೇದುವಷ್ಟು ಹೊತ್ತಿನದು ಎಂದು ಹೆಂಡತಿ ಪುಷ್ಪಾ ಆಡಿಕೊಳ್ಳುತ್ತಿದ್ದಳು. ನನ್ನ ಕೇಳಿದರೆ ಅದೂ ಹೆಚ್ಚಾಯಿತು. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದನೇನೋ ನಿಜ. ಕಿವಿ ಮಾತ್ರ ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿದ ಫೋನಿನ ಕಡೆಗೇ. ಕೃಷ್ಣರಾಜನಗರದಲ್ಲಿ ಅವನದು ಗೊಬ್ಬರದ ಅಂಗಡಿ. ನಾಲೆಗೆ ನೀರು ಬಿಟ್ಟಿದ್ದರು, ಎಲ್ಲರಿಗೂ ಇವತ್ತೇ ಯೂರಿಯಾ ಬೇಕು. ಅಂಥ ದಿನಗಳಲ್ಲಿ ಶಿವನೂ ಸರದಿಯಲ್ಲಿ ನಿಲ್ಲಬೇಕಿತ್ತು.

ಆ ದಿನ ಬಿಲ್ವಪತ್ರೆ ಏರಿಸುವ ಮೊದಲೇ ಫೋನು ಬಡಿದುಕೊಂಡಿತು. ಗೊಬ್ಬರದ ಲಾರಿ ಹುಣಸೂರಿನ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಪ್ರಸಾದ ಮಾತಾಡುತ್ತಲೇ ಎದ್ದ, ಬೈಯುತ್ತಲೇ ಅಂಗಿ ತೊಟ್ಟ, ಕರಡಿಗೆ ಕೊರಳಿಗೆ ಹಾಕಿಕೊಂಡು ಪುಷ್ಪಾಳ ಜೊತೆ ಬೈಕಿನಲ್ಲಿ ಚುಂಚನಕಟ್ಟೆಗೆ ಹೊರಟ. ಅಲ್ಲಿ ಅವಳ ಚಿಕ್ಕಪ್ಪ ಶಿವನಂಜಪ್ಪನವರ ಗೃಹಪ್ರವೇಶ. ಮಂಡಿನೋವಿನ ಅವ್ವ ವೀರಮ್ಮ ಮನೆಯಲ್ಲೇ ಉಳಿದಳು. ದಾರಿಯುದ್ದಕ್ಕೂ ಫೋನು ಅವನ ಕಿವಿ ಬಿಡಲಿಲ್ಲ.

ಮಧ್ಯಾಹ್ನ ಪಂಕ್ತಿಯಲ್ಲಿ ಎಲೆ ತುಂಬಿತ್ತು. ಉಣ್ಣುವ ಮೊದಲು ಲಿಂಗವನ್ನು ಕಣ್ಣಿಗೊತ್ತಿಕೊಳ್ಳುವುದು ಅವರ ಮನೆಯ ವಾಡಿಕೆ. ಅಂಗಿಯೊಳಗಿಂದ ಕರಡಿಗೆ ಎಳೆದರೆ ಯಾಕೋ ಹಗುರ ಅನ್ನಿಸಿತು. ತೆರೆದು ನೋಡಿದರೆ ಒಳಗೆ ಏನೂ ಇರಲಿಲ್ಲ.

ಪ್ರಸಾದ ಎಲೆಯ ಮುಂದಿನಿಂದ ಎದ್ದುಬಿಟ್ಟ. ಹುಟ್ಟಿದಾಗ ಕಟ್ಟಿದ ಲಿಂಗ ಅದು, ಸತ್ತಾಗ ಜೊತೆಯಲ್ಲೇ ಮಣ್ಣಿಗೆ ಹೋಗಬೇಕಾದದ್ದು. ಕಳೆದುಕೊಂಡವನು ಅದು ಸಿಗುವ ತನಕ ನೀರೂ ಮುಟ್ಟುವಂತಿಲ್ಲ. ಸಿಗದೇ ಹೋದರೆ ಅವ್ವನಿಗೆ ಯಾವ ಮುಖ ತೋರಿಸುವುದು?

"ಯಾಕ್ರೀ ಎದ್ರಿ?" ಅಂದಳು ಪುಷ್ಪಾ.

"ಅಂಗ್ಡೀಲಿ ಅರ್ಜೆಂಟು. ನೀನು ಬಸ್ಸಲ್ಲಿ ಬಾ," ಎಂದವನೇ ಬೈಕು ಹತ್ತಿದ.

ಮನೆಗೆ ಬಂದವನಿಗೆ ಚಪ್ಪಲಿ ಬಿಟ್ಟದ್ದೂ ಗೊತ್ತಾಗಲಿಲ್ಲ. ಬಚ್ಚಲು ನೋಡಿದ, ದಿಂಬು ಕೊಡವಿದ, ಒಗೆಯಲು ಹಾಕಿದ್ದ ಪಂಚೆಯ ಮಡಿಕೆ ಮಡಿಕೆಯನ್ನೂ ತಡಕಾಡಿದ. ವೀರಮ್ಮ ದೇವರ ಮೂಲೆಯಲ್ಲಿ ಚಾಪೆಯ ಮೇಲೆ, ಕೈಗೆ ಸೆರಗು ಮುಚ್ಚಿಕೊಂಡು ಕೂತಿದ್ದಳು.

"ಪ್ರಸಾದ, ಇಲ್ಲಿ ಬಾರಪ್ಪ."

"ಇರವ್ವ."

"ಒಂದ್ಗಳಿಗೆ ಕೂತ್ಕೊಳ್ಲಾ."

"ಇರವ್ವ ಅಂದ್ನಲ್ಲ." ಅಷ್ಟರಲ್ಲಿ ಲಾರಿಯವನ ಫೋನು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಂಚದಡಿ ಕೆದಕಿದ. ಕೊನೆಗೆ ಹುಡುಕಲು ಜಾಗವೇ ಉಳಿಯಲಿಲ್ಲ. ಅವ್ವನ ಎದುರು ಕುಸಿದು ಕೂತು, ಕರಡಿಗೆ ತೆರೆದು ತೋರಿಸಿದ.

"ಕಳ್ಕಂಡೆ ಕಣವ್ವ."

ವೀರಮ್ಮ ಸೆರಗು ಸರಿಸಿದಳು. ಅಂಗೈ ಮೇಲೆ ಮಡಿ ಬಟ್ಟೆ, ಬಟ್ಟೆಯ ಮೇಲೆ ಅವನ ಲಿಂಗ.

"ಎಲ್ಲಿತ್ತವ್ವ?"

"ನೀನು ಫೋನ್ ಇಕ್ಕೋ ಗೂಡ್ನಾಗೆ. ಫೋನ್ ಎತ್ಕೊಂಡು ಇದನ್ನ ಅಲ್ಲಿಟ್ಟು ಓಗಿದ್ದೆ."

ಅವನಿಗೆ ಸಿಟ್ಟೇ ಬಂತು. "ಮತ್ತೆ ಒಂದು ಫೋನ್ ಮಾಡಕ್ಕೇನಾಗಿತ್ತು?"

"ಮಾಡ್ದೆ ಕಣಪ್ಪ. ಎಷ್ಟು ಸಲ ಮಾಡುದ್ರೂ ಬಿಜಿ ಅಂತಾನೇ ಬಂತು."

ಪ್ರಸಾದ ಒಲೆಯ ಕಡೆ ನೋಡಿದ. ಬೆಳಿಗ್ಗೆ ಪುಷ್ಪಾ ಅವ್ವನಿಗೆಂದು ಮುಚ್ಚಿಟ್ಟು ಹೋಗಿದ್ದ ತಟ್ಟೆ ಮುಚ್ಚಿದಂತೆಯೇ ಇತ್ತು.

"ಊಟ ಮಾಡಿಲ್ವಾ? ಬೆಳಗಿಂದ ಇಲ್ಲೇ ಕೂತಿದ್ಯಾ? ದೇವರ ಮುಂದೆ ಇಟ್ಟು ಏಳಬಾರದಾಗಿತ್ತಾ, ಈ ಮಂಡಿ ಇಟ್ಕೊಂಡು?"

"ಏಳಾಣ ಅಂತಿದ್ದೆ. ಮನೇಲಿ ಯಾರೂ ಇರ್ನಿಲ್ಲ. ಇದ್ನ ಬುಟ್ಟೋದ್ರೆ ಪಾಪ, ಒಂಟಿಯಾಯ್ತದಲ್ಲ ಅನ್ನುಸ್ತು."

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೇ ಪ್ರಸಾದನಿಗೆ ತಡೆಯಲಾಗಲಿಲ್ಲ. ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಜೇಬಿನಲ್ಲಿ ಮತ್ತೆ ಫೋನು ಬಡಿದುಕೊಳ್ಳತೊಡಗಿತು. ಅದನ್ನು ತೆಗೆದು, ಯಾರೆಂದೂ ನೋಡದೆ, ಆಫ್ ಮಾಡಿ ಗೂಡಿನಲ್ಲಿಟ್ಟ. ಕೈ ಕಾಲು ತೊಳೆದು ಬಂದು ಅವ್ವನ ಮುಂದೆ ಎಡಗೈ ಒಡ್ಡಿದ. ಲಿಂಗ ಬೆಚ್ಚಗಿತ್ತು.

"ಎದ್ದು ಉಣ್ಣೋಗವ್ವ," ಅಂದ. "ಇನ್ಮೇಲೆ ನಾನು ಕೂತಿರ್ತೀನಿ."