ಅಂಗೈ ಮೇಲಿನ ಮೂವತ್ತೊಂದು

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುವ ನರ್ಸು. ಅಂಥವಳು ಆ ಬೆಳಿಗ್ಗೆ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕೈ ಚಾಚಿಕೊಂಡು ಬೊಂಬೆಯ ಹಾಗೆ ನಿಂತಿದ್ದಳು. ಲೈಸೆನ್ಸ್ ಪರೀಕ್ಷೆ. ಪಾಸಾದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ಆಸ್ಪತ್ರೆಯವರು ಮನೆಯ ದಾರಿ ತೋರಿಸುತ್ತಾರೆ.

ತಪಾಸಣೆಯ ಹೆಂಗಸು ಜೇಬುಗಳನ್ನು ಒಳಹೊರಗು ಮಾಡಿಸಿದಳು, ತೋಳು ಮಡಚಿಸಿದಳು, ಕನ್ನಡಕವನ್ನು ಬೆಳಕಿಗೆ ಹಿಡಿದಳು, ಕಿವಿಯ ಹಿಂದೆ ಇಣುಕಿದಳು. ಏಳು ಸುತ್ತಿನ ಕೋಟೆಯಲ್ಲಿ ರಾಜಕುಮಾರಿಯನ್ನು ಕಾಯುವ ರಾಕ್ಷಸಿಗೂ ಇಷ್ಟು ಕಣ್ಣಿರಲಿಲ್ಲವೇನೋ.

“ನಮ್ಮತ್ತೆ ಕೂಡ ಇಷ್ಟು ನೋಡಿ ನನ್ನನ್ನ ಮನೆಯೊಳಗೆ ಬಿಟ್ಕೊಂಡಿರ್ಲಿಲ್ಲ ಅಕ್ಕಾ,” ಎಂದಳು ಬಿರುಗಾಳಿ.

“ನಿಮ್ಮತ್ತೆ ತಲೆ ಮೇಲೆ ಕ್ಯಾಮೆರಾ ಇರ್ಲಿಲ್ಲ, ನನ್ನ ತಲೆ ಮೇಲಿದೆ. ಎರಡೂ ಅಂಗೈ ಈ ಗುರುತು ಹಿಡಿಯೋ ಯಂತ್ರದ ಮೇಲಿಡಮ್ಮ. ಆಚೆ ಬರೋವಾಗ್ಲೂ ಹೀಗೇ.”

ಒಳಗೆ ಲೆಕ್ಕ ಮಾಡಲು ಒಂದು ಬಿಳಿ ಹಲಗೆ, ಒಂದು ಪೆನ್ನು, ಒಂದು ಪರದೆ. ರೋಗಿಗೆ ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು. ಮಿಲಿಲೀಟರಿಗೆ ಹದಿನೈದು ಹನಿಯಾದರೆ ನಿಮಿಷಕ್ಕೆಷ್ಟು? ಓದುತ್ತಿದ್ದಂತೆ ಒಣಗಿದ ತುಟಿಯ ಒಬ್ಬ ಮುದುಕ ಅವಳ ಕಣ್ಣಿಗೆ ಕಟ್ಟಿದ. ಪಾಪ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾನೋ. ಥಟ್ಟನೆ ಉತ್ತರ ಒತ್ತಿ ಮುಂದಿನ ಪ್ರಶ್ನೆಗೆ ಹೋದಳು. ಎಲ್ಲವೂ ನೀರು ಕುಡಿದಷ್ಟು ಸಲೀಸು.

ವಿರಾಮದಲ್ಲಿ ಹಗುರಾಗಿ ಹೊರಬಂದು ಯಂತ್ರದ ಮುಂದೆ ಅಂಗೈ ಬಿಡಿಸಿದಳು.

“ಇದೇನಮ್ಮ ಇದು?”

ಎಡ ಅಂಗೈಯಲ್ಲಿ ನೀಲಿ ಶಾಯಿ. ಮೂವತ್ತೊಂದು.

ಬಿರುಗಾಳಿ ಅದನ್ನು ಯಾರದೋ ಕೈಯನ್ನು ನೋಡುವಂತೆ ನೋಡಿದಳು. ವಾರ್ಡಿನಲ್ಲಿ ಕಾಗದ ಹುಡುಕಲು ಪುರುಸೊತ್ತೆಲ್ಲಿ? ಜ್ವರ, ಬಿಪಿ, ಹನಿಗಳ ಲೆಕ್ಕ, ಎಲ್ಲವೂ ಅಂಗೈ ಮೇಲೆಯೇ. ಹಲಗೆ ಮುಂದಿದ್ದರೂ ಕೈ ತನ್ನ ಪಾಡಿಗೆ ತಾನು ಆ ಮುದುಕನ ಸಲೈನಿನ ಲೆಕ್ಕ ಬರೆದುಕೊಂಡಿತ್ತು.

ಮೇಲ್ವಿಚಾರಕ ಬಂದ.

“ಹೊರಗಿಂದ ತಂದಿದ್ದಲ್ಲ ಸಾರ್! ನಿಮ್ಮ ಕ್ಯಾಮೆರಾನೇ ನೋಡಿ, ನಿಮ್ಮ ದಮ್ಮಯ್ಯ!”

ನೋಡಿದರು. ಪರದೆಯಲ್ಲಿ ಅವಳು ಅಂಗೈ ಮೇಲೆ ಬರೆದಳು, ಒಣಗಲೆಂದು ಎರಡು ಸಲ ಊದಿದಳು ಕೂಡ. ಬಿರುಗಾಳಿಗೆ ಹೋದ ಜೀವ ಬಂದಂತಾಯಿತು.

“ನೋಡಿದ್ರಾ? ಒಳಗೇ ಬರ್ದಿದ್ದು!”

“ಅದೇ ಕಣಮ್ಮ ಎಡವಟ್ಟಾಗಿದ್ದು,” ಎಂದ ಅವನು ತಗ್ಗಿದ ದನಿಯಲ್ಲಿ. “ಒಳಗಿನ ಲೆಕ್ಕ ಕೈ ಮೇಲೆ ಬರ್ಕೊಂಡು ಆಚೆ ಬಂದ್ರೆ ಪ್ರಶ್ನೆಪತ್ರಿಕೆ ಕದ್ದ ಹಾಗೇನೇ. ನಿಮ್ಮ ಪರೀಕ್ಷೆ ಇಲ್ಲಿಗೆ ನಿಂತೋಯ್ತು.”

“ಒಂದೇ ಒಂದು ಸಂಖ್ಯೆ ಸಾರ್...”

“ಒಂದಾದ್ರೂ ಅಷ್ಟೇ.”

ಗಾಜಿನಾಚೆ ಅವಳ ಪರದೆ ಆರಿತು.

“ದಾಖಲೆಗೆ ಫೋಟೋ ತೆಗೀಬೇಕು, ಕೈ ಬಿಡಿಸಮ್ಮ,” ಎಂದಳು ತಪಾಸಣೆಯ ಹೆಂಗಸು. ಬಿರುಗಾಳಿಗೆ ಕೇಳಿಸಿತು, ಆದರೆ ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಆ ಹೆಂಗಸೇ ಅವಳ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ, ಬಿಡಿಸತೊಡಗಿದಳು.