ಪಶ್ಚಿಮ ಮೇಲಿದ್ದ ನಕ್ಷೆ

ವಾರಕ್ಕೆರಡೇ ದಿನ ಮನೆಗೆ ಬರುವ ಗಂಡ ಎಷ್ಟು ತಲೆ ತಿನ್ನಬಲ್ಲ ಎಂಬುದನ್ನು ಪ್ರಾರ್ಥನಾಳನ್ನೇ ಕೇಳಬೇಕು. ಗಲ್ಫಿನ ಮರಳುಗಾಡಿನಾಚೆ ರುವೈಸ್‌ನ ತೈಲ ರಿಫೈನರಿಯಲ್ಲಿ ಪೈಪುಗಳ ಡ್ರಾಯಿಂಗ್ ಮಾಡುವ ನಿರಂಜನ ಶುಕ್ರವಾರ ಸಂಜೆ ನಗರದ ಅಲ್ ಬರ್ಷಾ ಬಡಾವಣೆಯ ಫ್ಲ್ಯಾಟಿಗೆ ಕಾಲಿಟ್ಟನೆಂದರೆ ರಿಪೇರಿ ಶುರು. ಕೆಟ್ಟಿದೆಯೋ ಇಲ್ಲವೋ, ಅದೆಲ್ಲ ಅವನಿಗೆ ಬೇಕಿಲ್ಲ. ಹೋದ ವಾರ ತಣ್ಣಗೆ ಓಡುತ್ತಿದ್ದ ಎಸಿಯನ್ನು ಬಿಚ್ಚಿ ಕೆಡಿಸಿಟ್ಟು ಹೋಗಿದ್ದ ಪುಣ್ಯಾತ್ಮ.

ಈ ಶನಿವಾರ ಅವನ ಕೈಗೆ ಸಿಕ್ಕಿದ್ದು ಮಗಳ ನಕ್ಷೆ.

ಹಿತಾ ಓದುವುದು ಅಮೆರಿಕನ್ ಸಿಲಬಸ್ಸಿನ ಶಾಲೆಯಲ್ಲಿ. ಸೋಮವಾರ ಅಲ್ಲಿ ಇತಿಹಾಸದ ಪ್ರದರ್ಶನ; ಅವಳ ಕ್ಲಾಸಿನಿಂದ ಆಯ್ಕೆಯಾದವಳು ಅವಳೊಬ್ಬಳೇ. ನಾನೂರು ವರ್ಷಗಳ ಹಿಂದೆ ಇಂಗ್ಲಿಷರು ವರ್ಜೀನಿಯಾದ ಕರಾವಳಿಯಲ್ಲಿ ಬೀಡುಬಿಟ್ಟಾಗ, ಅವರ ಕ್ಯಾಪ್ಟನ್ ಒಬ್ಬ ದೋಣಿಯಲ್ಲಿ ಅಲೆದು ನಕ್ಷೆ ಮಾಡಿದ್ದನಂತೆ. ಅದನ್ನು ನೋಡಿಕೊಂಡು ಹಿತಾ, ಹಳತಾಗಿ ಕಾಣಲೆಂದು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ದೊಡ್ಡ ಹಾಳೆಯ ಮೇಲೆ ಕೊಲ್ಲಿ, ನದಿ, ಹಳ್ಳಿಗಳನ್ನೆಲ್ಲ ಬರೆದಿದ್ದಳು. ತಿಂಗಳಿಡೀ ಊಟದ ಟೇಬಲ್ಲು ಅದಕ್ಕೇ ಮೀಸಲು. ತಾಯಿ ಮಗಳು ಸೋಫಾದಲ್ಲಿ ಕೂತು ತಟ್ಟೆ ಹಿಡಿದು ಉಂಡಿದ್ದರು.

ನಕ್ಷೆಗೆ ಫ್ರೇಮ್ ತರಲು ಇಬ್ಬರೂ ಮಾಲ್‌ಗೆ ಹೋಗಿ ಬರುವಷ್ಟರಲ್ಲಿ ಹಾಳೆ ಅಡ್ಡಕ್ಕೆ ತಿರುಗಿತ್ತು. ಕಂದು ಕಾಗದದ ತುಂಬ ವೈಟ್ನರಿನ ಬಿಳಿ ತೇಪೆ, ತೇಪೆಗಳ ಮೇಲೆ ನಿರಂಜನನ ದಪ್ಪ ಕಪ್ಪು ಅಕ್ಷರ.

"ಏನ್ರೀ ಇದು!" ಪ್ರಾರ್ಥನಾ ಚೀಲವನ್ನು ಅಲ್ಲೇ ಬಿಟ್ಟಳು.

"ಸರಿಮಾಡಿದೀನಿ ನೋಡು. ಪಶ್ಚಿಮ ಮೇಲಿತ್ತು ಕಣೇ! ನಾರ್ತ್ ಮೇಲಿಲ್ದೆ ನಮ್ಮಾಫೀಸಲ್ಲಿ ಡ್ರಾಯಿಂಗ್ ಕೊಟ್ರೆ ಮುಖಕ್ಕೆ ಎಸೀತಾರೆ. ನದಿಗಳೂ ತಪ್ಪಿದ್ವು, ಫೋನಲ್ಲಿ ನೋಡ್ಕೊಂಡು ತಿದ್ದಿದೆ."

"ನಿಮ್ಮ ತಲೆ! ಹಳೇ ನಕ್ಷೆ ಇರೋದೇ ಹಾಗೆ ಕಣ್ರೀ. ಹಡಗಲ್ಲಿ ಬಂದೋರಿಗೆ ಎದುರಿಗೆ ಕಂಡಿದ್ದು ಪಶ್ಚಿಮ, ಅದನ್ನೇ ಮೇಲಿಟ್ಟು ಬರ್ದ್ರು. ಅಯ್ಯೋ ದೇವರೇ, ಮಗು ಒಂದು ತಿಂಗಳು ಕೂತು ಮಾಡಿದ್ದು! ನಿಮ್ಮ ಕೈ ಒಂದು ಗಳಿಗೆ ಸುಮ್ನಿರಲ್ವಾ?"

ಹಿತಾ ಅಳಲಿಲ್ಲ. ಅತ್ತಿದ್ದರೆ ಪ್ರಾರ್ಥನಾಳಿಗೆ ಸಮಾಧಾನವಾಗುತ್ತಿತ್ತು.

"ಅಪ್ಪಾ, ಇಲ್ಲಿ ಚಿಕ್ಕ ಚಿಕ್ಕ ಕ್ರಾಸ್ ಇದ್ವಲ್ಲ?"

"ಗಲೀಜಾಗಿ ಕಾಣ್ತಿತ್ತು ಪುಟ್ಟಿ, ಅಳಿಸ್ದೆ."

"ಕ್ರಾಸ್ ತನಕ ಕ್ಯಾಪ್ಟನ್ ತಾನೇ ನೋಡಿದ್ದು. ಅದರಾಚೆದು, ಹಿ ಆಸ್ಕ್ಡ್ ದ ಪೀಪಲ್ ಹೂ ಲಿವ್ಡ್ ದೇರ್. ಕೇಳೀನೇ ಬರ್ದಿದ್ದು." ಕೋಣೆಯ ಬಾಗಿಲಲ್ಲಿ ಒಮ್ಮೆ ನಿಂತಳು. "ನೀನು ಯಾರನ್ನೂ ಕೇಳ್ಲಿಲ್ಲ ಅಪ್ಪ."

ಬಾಗಿಲು ಹಾಕಿಕೊಂಡಿತು. ಪ್ರಾರ್ಥನಾಳ ಬಳಿ ವಾರಕ್ಕಾಗುವಷ್ಟು ಬೈಗುಳ ಇನ್ನೂ ಬಾಕಿಯಿತ್ತು. ಆದರೆ ನಿರಂಜನ ಪೆನ್ನು ಹಿಡಿದು ಪೆಚ್ಚಾಗಿ ನಿಂತದ್ದು ನೋಡಿ ಅಡುಗೆಮನೆಗೆ ಹೋಗಿ ಕುಕ್ಕರನ್ನು ದಢಾರನೆ ಒಲೆಯ ಮೇಲೆ ಕುಕ್ಕಿದಳು.

ಭಾನುವಾರ ಬೆಳಿಗ್ಗೆ ಅವನೇ ಹೊಸ ಹಾಳೆಗೆ ಟೀ ಬಳಿದು ಒಣಗಿಸಿ ಮಗಳ ಬಾಗಿಲು ತಟ್ಟಿದ. ಅವಳು ಮುಖ ಊದಿಸಿಕೊಂಡೇ ಬಂದು ಕೂತಳು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಕಾಟ. ಪಶ್ಚಿಮ ಇಲ್ಲೇ ತಾನೆ? ಈ ನದಿ ಎಷ್ಟು ದಪ್ಪ? ಕ್ರಾಸ್ ಇಲ್ಲೋ, ಇನ್ನೂ ಮೇಲೋ? ಸಮುದ್ರಕ್ಕೆ ನೀಲಿ ಹಚ್ಚಲಾ ಎಂದೂ ಕೇಳಿದ! ಕೇಳದೆ ಮಾಡಿದರೂ ಕಷ್ಟ, ಕೇಳಿ ಮಾಡಿದರೂ ಕಷ್ಟ ಎಂದು ಪ್ರಾರ್ಥನಾ ಹಣೆ ಚಚ್ಚಿಕೊಂಡಳು. ಮಧ್ಯಾಹ್ನ ರುವೈಸ್‌ಗೆ ಹೊರಟ ಗೆಳೆಯರು ಕೆಳಗೆ ಕಾರು ನಿಲ್ಲಿಸಿಕೊಂಡು ಫೋನ್ ಮಾಡಿದಾಗ, "ನೀವು ಹೊರಡಿ, ನಾನು ಆಮೇಲೆ ಬಸ್ಸಿಗೆ ಬರ್ತೀನಿ" ಎಂದುಬಿಟ್ಟ.

ಸಂಜೆಗೆ ನಕ್ಷೆ ಮುಗಿಯಿತು. ಮೊದಲಿನಷ್ಟು ಚೆಂದವಿರಲಿಲ್ಲ, ಆದರೆ ಹಿತಾಳ ಮುಖ ಸ್ವಲ್ಪ ಸಡಿಲಾಗಿತ್ತು. ನಿರಂಜನ ಕೆಳಗಿನ ಮೂಲೆಯಲ್ಲಿ ಅವಳ ಹೆಸರು ಬರೆದ. ಅದರ ಕೆಳಗೆ 'ಗ್ರೇಡ್' ಎಂದು ಬರೆದವನು ಪೆನ್ನೆತ್ತಿದ. ಒಮ್ಮೆ ಹೆಂಡತಿಯ ಕಡೆ ಕಳ್ಳನೋಟ ಬೀರಿದ, ತಲೆ ತಗ್ಗಿಸಿದ.

"ಪುಟ್ಟೀ... ನೀನೀಗ ಎಷ್ಟನೇ ಗ್ರೇಡು?"

ಎಂಥಾ ಅಪ್ಪನಪ್ಪಾ ನೀವು ಎಂದು ಪ್ರಾರ್ಥನಾ ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ಹಿತಾ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಎಯ್ಟ್, ಅಪ್ಪಾ. ಸೆಕ್ಷನ್ ಸಿ," ಎಂದು ಅವನು ಕೇಳದೆ ಉಳಿದಿದ್ದನ್ನೂ ತಾನೇ ಸೇರಿಸಿ ಹೇಳಿದಳು.